ಕಿರುಗಂಟೆಯ ಮೇಲಿನ ಅಪವಾದ

ಲಿಸ್ಟನ 'ಲಾ ಕಂಪನೆಲ್ಲಾ' ಎಂಬ ಪಿಯಾನೊ ಕೃತಿಯ ಹೆಸರೆತ್ತಿದೊಡನೆ ಮೂಗು ಮುರಿಯುವ ರಸಿಕರು ಕೆಲವರಿದ್ದಾರೆ. "ಅದೇನು ಸಂಗೀತವೆ? ಬೆರಳುಗಳ ದೊಂಬರಾಟ! ಅದೂ ಸ್ವಂತದ್ದಲ್ಲ, ಎರವಲು" ಎಂಬುದು ಈ ಮಹಾಶಯರ ತೀರ್ಪು. ತೀರ್ಪಿಗೆ ತಲೆಬಾಗುವ ಮುನ್ನ ಆರೋಪಿಯ ಕಡೆಯ ಮಾತನ್ನೂ ಕೇಳಬೇಡವೆ?

ಎರವಲೆಂಬುದು ದಿಟ. ಇಟಲಿಯ ಪಿಟೀಲು ವಿದ್ವಾಂಸ ಪಗನೀನಿ 1826ರಲ್ಲಿ ರಚಿಸಿದ ಎರಡನೆಯ ಕಾನ್ಚೆರ್ಟೊದ ಕೊನೆಯ ಭಾಗದಲ್ಲಿ ಪಿಟೀಲಿಗೆ ಒಂದು ಕಿರುಗಂಟೆ ದನಿಗೂಡಿಸುತ್ತದೆ. ಆ ಮಟ್ಟೇ ಇಲ್ಲಿಯದೂ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಪಗನೀನಿಯನ್ನು ಕೇಳಿದಾಗ ಲಿಸ್ಟನಿಗೆ ಇಪ್ಪತ್ತು ವರ್ಷ. ಕೇಳಿದವನು ಬೆರಗಾಗಿ ಸುಮ್ಮನೆ ಕೂರಲಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಸಾಧನೆಗೆ ಕುಳಿತ. ಮಟ್ಟನ್ನು ಯಾರು ಬೇಕಾದರೂ ಎರವಲು ತಂದಾರು. ಕಮಾನು ನುಡಿಸಿದ್ದನ್ನು ಸುತ್ತಿಗೆಯಿಂದ ಹೊಡೆಯುವ ವಾದ್ಯದಲ್ಲಿ ನುಡಿಸುವುದು ಹೇಗೆ? ಈ ಪ್ರಶ್ನೆ ಎರವಲಿನದಲ್ಲ. ಬಲಗೈ ಎರಡು ಸ್ಥಾಯಿಗಳಷ್ಟು ಮೇಲಕ್ಕೆ ನೆಗೆದು ಒಂದು ಸ್ವರವನ್ನು ಮುಟ್ಟಿ ಮರಳುತ್ತದೆ, ಅದೇ ಗಂಟೆ. ಒಂದೇ ಸ್ವರ ಸರಸರನೆ ಮರುಕೊಳಿಸುವ ಜಾಗಗಳೂ ಇವೆ. ಬೆರಳು ಒತ್ತಿದ ಮನೆ ಪೂರ್ತಿ ಮೇಲೇಳುವ ಮೊದಲೇ ಸುತ್ತಿಗೆ ಮತ್ತೆ ಹೊಡೆಯುವಂತೆ ಎರಾರ್ 1821ರಲ್ಲಿ ಹಕ್ಕುಪತ್ರ ಪಡೆದ ಯಂತ್ರವಿಧಾನ ಇಂಥದ್ದನ್ನು ಕೈಗೆಟುಕಿಸಿತು. ವಾದ್ಯಕ್ಕೆ ಬಂದ ಹೊಸ ನಾಲಗೆಯನ್ನು ಲಿಸ್ಟ್ ಮಾತನಾಡಿಸಿದ.

ಇನ್ನು ದೊಂಬರಾಟದ ಆರೋಪ. ಈ ಮಟ್ಟನ್ನು ಲಿಸ್ಟ್ ಒಂದು ಸಲವಲ್ಲ, ಮೂರು ಸಲ ಬರೆದ. 1832ರ ಫ್ಯಾಂಟಸಿಯಲ್ಲೂ 1838ರ ಪಾಠದಲ್ಲೂ ಭುಜಬಲದ ಪ್ರದರ್ಶನ ಹೇರಳವಾಗಿದೆ, ಒಪ್ಪಿದೆ. ಆದರೆ 1847ರಲ್ಲಿ ಅವನು ವೃತ್ತಿಯ ಕಚೇರಿಗಳನ್ನೇ ಬಿಟ್ಟ. ಆಮೇಲೆ, 1851ರಲ್ಲಿ, ಇಂದು ನಾವು ಕೇಳುವ ಪಾಠವನ್ನು ಸಿದ್ಧಪಡಿಸಿದ. ಆಗ ಮಾಡಿದ್ದೇನು? ಭಾರವನ್ನು ಇಳಿಸಿದ, ದಟ್ಟಣೆಯನ್ನು ತೆಳುಗೊಳಿಸಿದ. ಸುಲಭವಾಯಿತೆಂದಲ್ಲ; ಗಂಟೆ ತಿಳಿಯಾಗಿ ಕೇಳಿಸಿತು. ಚಪ್ಪಾಳೆಗೆ ಹಸಿದವನು ಕೂಡಿಸುತ್ತಾನೆಯೇ ಹೊರತು ಕಳೆಯುವುದಿಲ್ಲ. 1840ರಲ್ಲಿ ಪಗನೀನಿ ತೀರಿಕೊಂಡಾಗ ಬರೆದ ಲೇಖನದಲ್ಲಿ, ಕೈಚಳಕ ಸಾಧನವೇ ಹೊರತು ಗುರಿಯಲ್ಲವೆಂದು ಇದೇ ಲಿಸ್ಟ್ ಎಚ್ಚರಿಸಿದ್ದ.

ಕೊನೆಯ ಪುಟದಲ್ಲಿ ಅಬ್ಬರವಿದೆ, ಅಲ್ಲಗಳೆಯುವುದಿಲ್ಲ. ಆದರೆ ಕೃತಿಯ ತಲೆಯ ಮೇಲೆ ಅವನು ಬರೆದಿರುವ ಗತಿಸೂಚನೆ 'ಅಲ್ಲೆಗ್ರೆಟ್ಟೊ'. ಅಂದರೆ ಹದವಾದ ಚುರುಕು. ಬೆನ್ನಟ್ಟಿದ ಕುದುರೆಯ ಓಟವಲ್ಲ. ಓಡಿಸುವವರು ವೇದಿಕೆಯ ಮೇಲಿದ್ದಾರೆ. ಗಡಿಯಾರ ನೋಡಿ ಮೆಚ್ಚುವವರು ಕೆಳಗೆ ಕುಳಿತಿದ್ದಾರೆ. ಇವರಿಬ್ಬರೂ ಸೇರಿ ಮಾಡಿದ ತಪ್ಪಿಗೆ ಸತ್ತವನಿಗೆ ದಂಡ ಹಾಕುವುದು ಯಾವ ನ್ಯಾಯ?

ಮೂಗು ಮುರಿಯುವವರು ಒಮ್ಮೆ, ಆತುರವಿಲ್ಲದ ಕೈಯಿಂದ, ಇದನ್ನು ಕೇಳಲಿ. ಗಂಟೆ ಕೇಳಿಸದಿದ್ದರೆ ಆಮೇಲೆ ಬೈಯಲಿ.