ಸಾಲಿಗೆ ಸೂಟಿ ಐತಿ, ಅಡುಗಿ ಅಕ್ಕಗ ಸೂಟಿ ಎಲ್ಲೈತಿ?

ಪಂಚಮಿ ಮುಂದೆ ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಡುಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದರು. "ತವರಿಗೆ ಯಾವಾಗ ಹೊಂಟ್ರಿ ಅಕ್ಕಾ?" ಎಂದು ಕೇಳಿದೆವು.

"ಎಲ್ಲಿ ತವರಮನಿ ತಂಗೀ? ಅಣ್ಣ ಕರಿಯಾಕ ಬಂದು ವಾಪಸ್ ಹೋದ. ನಾ ಬರಲಿಲ್ಲಂದ್ರ ಬದಲಿ ಆಳು ನಾನ ಹುಡುಕಬೇಕು, ಆಕಿಗಿ ರೊಕ್ಕಾನೂ ನಾನ ಕೊಡಬೇಕು."

ವರ್ಷಕ್ಕೆ ಎಷ್ಟು ಸೂಟಿ ಎಂದು ಕೇಳಿದರೆ ಅವರು ನಕ್ಕರು. ಲೆಕ್ಕ ಹಾಕಿ ಹೇಳಿದವರು ಯಾರೂ ಇಲ್ಲವಂತೆ.

ಹಾಗಾದರೆ ಆ ಲೆಕ್ಕ ನಾವೇ ಹಾಕೋಣ ಅನ್ನಿಸಿತು.

ದುಡಿಯುವವರ ರಜೆಗೆ ನಮ್ಮ ದೇಶದಲ್ಲಿ ಹಳೆಯ ಅಳತೆಯೊಂದಿದೆ: 20 ದಿನ ದುಡಿದರೆ 1 ದಿನ ಪಗಾರಿ ರಜೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ರಜೆಗೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು. 2020ರ ಹೊಸ ಕಾರ್ಮಿಕ ಸಂಹಿತೆ ಅದನ್ನು 180 ದಿನಕ್ಕೆ ಇಳಿಸಿದೆ. 20ಕ್ಕೆ 1 ಎಂಬ ಅಳತೆ ಮಾತ್ರ ಹಾಗೇ ಉಳಿದಿದೆ.

ಇನ್ನು ಶಾಲೆಗೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ವರ್ಷಕ್ಕೆ ಕನಿಷ್ಠ 200 ದಿನ 1ರಿಂದ 5ನೇ ತರಗತಿ, 220 ದಿನ 6ರಿಂದ 8ನೇ ತರಗತಿ ನಡೆಯಬೇಕು. ಶಾಲೆ ನಡೆದ ದಿನ ಒಲೆ ಹೊತ್ತಲೇಬೇಕು. 200ನ್ನು 20ರಿಂದ ಭಾಗಿಸಿದರೆ 10, 220ನ್ನು ಭಾಗಿಸಿದರೆ 11. ಅಂದರೆ ವರ್ಷಕ್ಕೆ ಹತ್ತು-ಹನ್ನೊಂದು ದಿನ ಪಗಾರಿ ಸೂಟಿ. ಐದನೇ ತರಗತಿ ಹುಡುಗರೂ ಮಾಡುವ ಲೆಕ್ಕ ಇದು.

"ಅವರದು ಪೂರ್ತಿ ದಿನದ ಕೆಲಸ ಅಲ್ಲವಲ್ಲ?" ಎಂದು ಕೆಲವರು ಕೇಳುತ್ತಾರೆ. ಅರೆಕಾಲಿಕ ಕೆಲಸಕ್ಕೂ ಲೆಕ್ಕ ಕಷ್ಟವಿಲ್ಲ. ದಿನಗಳನ್ನು ಎಲ್ಲರಂತೆ ಎಣಿಸಿ. ರೊಕ್ಕ ಮಾತ್ರ ಅವರ ದಿನದ ಪಗಾರದಷ್ಟೇ ಕೊಡಿ. ಅರ್ಧ ದಿನ ದುಡಿಯುವವರಿಗೆ ರಜೆಯ ದಿನವೂ ಅರ್ಧ ದಿನದ ಪಗಾರ, ಅಷ್ಟೇ. ಹಾಗೆ ನೋಡಿದರೆ ಕೆಲಸವೇನೂ ಕಡಿಮೆಯಾಗಿಲ್ಲ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂದಿದೆ. ಕುದಿಸಿ, ಸಿಪ್ಪೆ ಸುಲಿಯುವ ಕೈ ಅವೇ. ಮಧ್ಯಾಹ್ನ ಶಾಲೆಯಲ್ಲಿರುವವರು ಹೆಸರು ಬಿಡಿಸುವ ಸುಗ್ಗಿಯಲ್ಲಿ ಹೊಲದ ಕೂಲಿಗೂ ಹೋಗಲಾಗದು.

"ಶಾಲೆಗೇ ದಸರಾ, ಬೇಸಿಗೆ ಸೂಟಿ ಇರತಾವಲ್ಲ?" ಎಂಬುದು ಇನ್ನೊಂದು ಮಾತು. ಆದರೆ ಕೇಂದ್ರ ಸರ್ಕಾರ ಈ ಕೆಲಸಕ್ಕೆ ಗೌರವಧನ ಲೆಕ್ಕ ಹಾಕುವುದೇ ವರ್ಷಕ್ಕೆ 10 ತಿಂಗಳಿಗೆ, ತಿಂಗಳಿಗೆ 1,000 ರೂಪಾಯಿಯಂತೆ. ರಾಜ್ಯ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ರೊಕ್ಕ ಬಾರದ ಬೇಸಿಗೆಯನ್ನು ಸೂಟಿ ಎನ್ನಲಾಗದು, ಅದು ಕೆಲಸವಿಲ್ಲದ ದಿನ. ಬರಗಾಲದ ವರ್ಷ ಬೇಸಿಗೆಯಲ್ಲೂ ಬಿಸಿಯೂಟ ನಡೆಯುತ್ತದೆ. ಮಗುವಿಗೆ ಜ್ವರ ಬರುವುದು, ತವರಲ್ಲಿ ಸಾವಾಗುವುದು ದಸರಾ ಸೂಟಿ ನೋಡಿಕೊಂಡು ಅಲ್ಲ. ಇದಕ್ಕಾಗಿಯೇ ಶಿಕ್ಷಕರಿಗೆ ದಸರಾ, ಬೇಸಿಗೆ ರಜೆಯ ಜೊತೆ ಸಾಂದರ್ಭಿಕ ರಜೆಯೂ ಇದೆ.

ನಿಜವಾದ ತೊಡಕು 'ಗೌರವಧನ' ಎಂಬ ಪದದಲ್ಲಿದೆ. ಪಗಾರ ಎಂದರೆ ರಜೆಯ ಲೆಕ್ಕ ಬರುತ್ತದೆ, ಗೌರವಧನ ಎಂದರೆ ಸೇವೆ ಅನ್ನಿಸಿಕೊಳ್ಳುತ್ತದೆ. ಕಾರ್ಮಿಕ ಕಾಯ್ದೆಯ ಅಳತೆ ಇವರಿಗೆ ತಾನಾಗಿ ಸಿಗದಿರುವುದು ಅದಕ್ಕೇ. ಆದರೆ ನ್ಯಾಯಾಲಯಗಳು ಈ ಪದದ ಆಚೆಗೂ ನೋಡಿವೆ. ಬಿಸಿಯೂಟದ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟು ದುಡಿಸುವುದು ಬಲವಂತದ ದುಡಿಮೆ ಎಂದು 2020ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗ್ರಾಚ್ಯುಟಿ ಸಲ್ಲುವುದಾದರೆ ಹತ್ತು ದಿನ ಸೂಟಿ ಯಾಕೆ ಸಲ್ಲಬಾರದು?

ಖರ್ಚು ಎಷ್ಟಾದೀತು? 200 ದಿನದಲ್ಲಿ 10 ದಿನ ಬದಲಿಯವರಿಗೆ ಕೊಡಬೇಕು. ನೂರು ರೂಪಾಯಿ ಪಗಾರಕ್ಕೆ ಐದು ರೂಪಾಯಿ ಹೆಚ್ಚು. ಬದಲಿಯವರ ವ್ಯವಸ್ಥೆ ಮಾತ್ರ ಮೊದಲೇ ಆಗಬೇಕು. 25 ಮಕ್ಕಳವರೆಗಿನ ಶಾಲೆಗೆ ಒಬ್ಬರೇ ಅಡುಗೆಯವರು ಎಂಬುದು ನಿಯಮ. ಆ ಒಬ್ಬರು ಬಾರದಿದ್ದರೆ ಮಕ್ಕಳ ಊಟವೇ ನಿಲ್ಲುತ್ತದೆ. ಅದಕ್ಕೇ ಅವರು ಜ್ವರದಲ್ಲೂ ಬರುತ್ತಾರೆ. ಜ್ವರ ಇದ್ದವರು ಮಕ್ಕಳ ಅಡುಗೆ ಮಾಡುವುದು ಯಾರಿಗೆ ಒಳ್ಳೆಯದು?

20ಕ್ಕೆ 1ರಂತೆ ರಜೆ ಕೊಟ್ಟು, ಬದಲಿಯವರ ರೊಕ್ಕವನ್ನು ಸರ್ಕಾರವೇ ಭರಿಸಬೇಕು ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಊರವರು ಮಾಡಬಹುದಾದದ್ದೂ ಇದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಬದಲಿ ಅಡುಗೆಯವರ ಹೆಸರು ಗೊತ್ತು ಮಾಡಿ, ಠರಾವು ಬರೆದು ತಾಲೂಕಿನ ಅಕ್ಷರ ದಾಸೋಹ ಕಚೇರಿಗೆ ಕಳಿಸಿ. ಅಕ್ಕಂದಿರೇ, ನೀವು ಕೆಲಸಕ್ಕೆ ಹೋದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲೊಂದು ದಾಖಲೆ ಇರಲಿ.

ಮುಂದಿನ ಪಂಚಮಿಗೆ ಅಣ್ಣ ಕರೆಯಲು ಬಂದಾಗ ಆ ಅಕ್ಕ ಅವನ ಸಂಗಡ ತವರಿಗೆ ಹೋಗುವಂತಾಗಲಿ.