ಅಗ್ಗದ ಟೈರು ಕೆಟ್ಟದ್ದಲ್ಲ, ಸವೆದದ್ದು ಕೆಟ್ಟದ್ದು

ಚಳಿಗಾಲದ ಟೈರು ಹಿಮದ ದೇಶಗಳ ಮಾತು. 7 ಡಿಗ್ರಿಗಿಂತ ಕೆಳಗಿಳಿದರೂ ಮೆದುವಾಗಿಯೇ ಇರುವ ರಬ್ಬರು ಅದು. ಚನ್ನಪಟ್ಟಣದ ನಮಗೆ ಬೇಕಾದದ್ದು ಮಳೆಗೆ ತಡೆಯುವ ಟೈರು.

ನನ್ನ ಹಳೇ ಪೋಲೊ ಜಿಟಿ ಕಾರಿಗೆ ಮುಂಗಾರಿಗೆ ಮೊದಲು ಅಗ್ಗದ್ದನ್ನೇ ಹಾಕಿಸಿದೆ. ಗೆಳೆಯರು ನಕ್ಕರು. ನಿಜ, ಒಣ ರಸ್ತೆಯಲ್ಲಿ ಗುಂಯ್ಗುಡುತ್ತದೆ. ಮಾಗಡಿ ಕಡೆಯ ತಿರುವುಗಳಲ್ಲಿ ಸ್ಟೀರಿಂಗ್ ಮೊದಲಿನಷ್ಟು ಚುರುಕಿಲ್ಲ. ಆದರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೀರು ನಿಂತ ಕಡೆ ಹೊಸ ಗೀರುಗಳು ನೀರನ್ನು ಪಕ್ಕಕ್ಕೆ ಚೆಲ್ಲಿ ನೆಲ ಹಿಡಿಯುತ್ತವೆ. ನುಣ್ಣಗಾದ ದುಬಾರಿ ಟೈರಿಗೆ ಅದು ಸಾಧ್ಯವಿಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಈ ಹೆದ್ದಾರಿಯೇ ಕೆರೆಯಾದದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ನನ್ನ ತಕರಾರು ಬೇರೆ. ಕನಕಪುರದ ಹುಡುಗರು ಸೈಲೆನ್ಸರ್‌ಗೆ ಸುರಿಯುವ ದುಡ್ಡಲ್ಲಿ ಎರಡು ಟೈರು ಬರುತ್ತವೆ. ಸೆಕೆಂಡ್ ಹ್ಯಾಂಡ್ ಟೈರಿಗೆ ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಟೈರಿನ ಬದಿಯಲ್ಲಿ ಅಚ್ಚಾದ ತಯಾರಿಕೆ ಸಂಕೇತದ ಕೊನೆಯ 4 ಅಂಕಿ ಓದಿ, 2319 ಎಂದಿದ್ದರೆ 2019ರ 23ನೇ ವಾರದ ಸರಕು. ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಇರಬೇಕೆನ್ನುತ್ತದೆ ನಿಯಮ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಗಂಟೆಗೆ 100 ಕಿ.ಮೀ. ದಾಟಿದರೆ ಕ್ಯಾಮೆರಾ ದಂಡ ಹಾಕುತ್ತದೆ, ರಬ್ಬರನ್ನು ನೋಡುವವರಿಲ್ಲ. ಮಳೆಗಾಲದಲ್ಲಾದರೂ ಶೇಷಗಿರಿಹಳ್ಳಿ ಟೋಲ್ ಬಳಿ ಪೊಲೀಸರು ಅಳತೆಕಡ್ಡಿ ಹಿಡಿದು ನಿಲ್ಲಲಿ.