ಹಳೆ ಯೆಜ್ಡಿಗೆ ಸುಳ್ಳು ಇಸವಿ ಬೇಡ

ಅಶೋಕ ರಸ್ತೆಯಿಂದ ಮಂಡಿ ಮೊಹಲ್ಲಾದ ಗಲ್ಲಿಗೆ ತಿರುಗಿದರೆ ಸಿಗುವ ನಮ್ಮ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಬರುವವರು ಈಗೀಗ ಮೊದಲು ಕೇಳುವುದೇ ಇದನ್ನು: "ಅಣ್ಣ, ಇದು ಯಾವ ಇಸವಿ ಗಾಡಿ?" ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಲ್ಲಿ ಯಾರಿಗೂ ಇಸವಿ ಬೇಕಿರಲಿಲ್ಲ. ಒಂದು ಕಿಕ್ಕಿಗೆ ಸ್ಟಾರ್ಟ್ ಆಗುತ್ತದಾ, ಬೋರ್ ಮಾಡಿಸಿ ಎಷ್ಟು ದಿನವಾಯಿತು, ಬುಕ್ ಕ್ಲಿಯರ್ ಇದೆಯಾ ಎಂದಷ್ಟೇ ವಿಚಾರಿಸುತ್ತಿದ್ದರು. ಈಗ ಬೆಲೆ ನಿಲ್ಲುವುದೇ ಇಸವಿಯ ಮೇಲೆ. ಹಾಗಾಗಿ ಸುಳ್ಳು ಹುಟ್ಟಿಕೊಳ್ಳುವುದೂ ಅಲ್ಲೇ. ಹಳೆ ಜಾವಾ, ಯೆಜ್ಡಿಗಳನ್ನು ಕೊಂಡು ಮಾರುವವನಾಗಿ ಇದನ್ನು ಹೇಳಲೇಬೇಕು ಅನ್ನಿಸಿದೆ: ಈ ಗಾಡಿಗಳ ವಯಸ್ಸನ್ನು ತಿದ್ದುವುದು ನಿಲ್ಲಬೇಕು. ಅದರಲ್ಲೂ ಮೈಸೂರಿನಲ್ಲಿ ನಿಲ್ಲಬೇಕು.

ಮೈಸೂರಿನಲ್ಲಿ ಏಕೆಂದರೆ ಇವು ಇಲ್ಲಿಯ ಮಕ್ಕಳು. ರೈಲ್ವೆ ಹಳಿಯ ಆಚೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಝೆಕೊಸ್ಲೊವಾಕಿಯಾದ ಲೈಸೆನ್ಸ್ ಮೇಲೆ ಮೊದಲು ಜಾವಾ ಹೆಸರಿನಲ್ಲಿ ಗಾಡಿ ಬಂತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಕೂತಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದವರ ಮನೆಗಳು ಈ ಊರಿನ ಎಷ್ಟೋ ಬೀದಿಗಳಲ್ಲಿವೆ.

ಗಾಡಿಯ ವಯಸ್ಸನ್ನು ಓದುವುದು ಕಷ್ಟದ ಕೆಲಸವಲ್ಲ, ಆದರೆ ನಿಧಾನದ ಕೆಲಸ. ನಾನು ಟ್ಯಾಂಕ್ ನೋಡುವುದು ಕೊನೆಗೆ. ಮೊದಲು ಹ್ಯಾಂಡಲ್ ತಿರುಗಿಸಿ, ನೆಕ್ ಮೇಲಿನ ಚಾಸಿ ನಂಬರನ್ನು ಬಟ್ಟೆಯಲ್ಲಿ ಒರೆಸಿ ಓದುತ್ತೇನೆ. ಆಮೇಲೆ ಇಂಜಿನ್ ನಂಬರ್. ಅಕ್ಷರಗಳ ಆಳ ಒಂದೇ ಸಮ ಇದೆಯೇ, ಸುತ್ತಲ ಲೋಹವನ್ನು ಗ್ರೈಂಡರ್ ಮುಟ್ಟಿದೆಯೇ, ಬಣ್ಣದ ಕೆಳಗೆ ಪುಟ್ಟಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬೆರಳು ಆಡಿಸಿದರೆ ಕಣ್ಣಿಗೆ ಕಾಣದ ತಗ್ಗು ಸಿಗುತ್ತದೆ. ಬಳಿಕ ಹೆಡ್‌ಲೈಟ್. ಹಳೆಯ ಜಾವಾದಲ್ಲಿ ಸ್ಪೀಡೋಮೀಟರ್ ಹೆಡ್‌ಲೈಟ್ ಚಿಪ್ಪಿನೊಳಗೇ ಇರುತ್ತಿತ್ತು, ರೋಡ್‌ಕಿಂಗ್‌ನಲ್ಲಿ ಮೀಟರ್ ಹೊರಗೆ ಬಂತು. ಕಾರ್ಬುರೇಟರ್ ಜಿಕೋವ್‌ನದೋ ಆಮೇಲೆ ಹಾಕಿದ್ದೋ, ಇಗ್ನಿಷನ್ ಪಾಯಿಂಟ್ಸ್‌ನದೋ ಸಿಡಿಐಯದೋ, ಇಂಜಿನ್ ಕವರ್ ಮೇಲೆ ಜಾವಾ ಎಂದಿದೆಯೋ ಯೆಜ್ಡಿ ಎಂದಿದೆಯೋ, ಇವೆಲ್ಲ ಒಂದೊಂದು ಸಾಕ್ಷಿ. ಒಂದೇ ಸಾಕ್ಷಿಯನ್ನು ನಂಬಿ ಇಸವಿ ಹೇಳಬಾರದು. ಈ ಗಾಡಿಗಳ ಎಷ್ಟೋ ಪಾರ್ಟ್ಸ್ ಒಂದರದು ಇನ್ನೊಂದಕ್ಕೆ ಕೂರುತ್ತವೆ. ಐವತ್ತು ವರ್ಷ ಓಡಿದ ಗಾಡಿಯಲ್ಲಿ ಮೂರು ಗಾಡಿಗಳ ಸಾಮಾನು ಇರುವುದು ಸಹಜ. ಅದು ತಪ್ಪಲ್ಲ. ಅದನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಇನ್ನು ಬುಕ್ಕು. ಆರ್‌ಸಿಯಲ್ಲಿರುವ ನೋಂದಣಿ ದಿನಾಂಕವನ್ನೇ ಗಾಡಿ ತಯಾರಾದ ದಿನ ಎಂದುಕೊಳ್ಳುವವರು ಬಹಳ. ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತು ಮರುವರ್ಷ ನೋಂದಣಿಯಾದ ಗಾಡಿಗಳಿವೆ. ಎಂವೈ ಎಂದು ಶುರುವಾಗುವ ನಂಬರ್ ಹಳೆಯ ಮೈಸೂರು ರಾಜ್ಯದ ಸರಣಿಯದು. ಅದನ್ನು ಕಂಡರೆ ಕೊಳ್ಳುವವರ ಕಣ್ಣು ಅರಳುತ್ತದೆ. ಆದರೆ ಹೊರರಾಜ್ಯದಿಂದ ಬಂದು ಇಲ್ಲಿ ಮತ್ತೆ ನೋಂದಣಿಯಾದ ಅರವತ್ತರ ದಶಕದ ಗಾಡಿಗೆ ಕೆಎ-09 ಪ್ಲೇಟ್ ಇರಬಹುದು. ಆಗ ಪ್ಲೇಟಿಗಿಂತ ಗಾಡಿಗೆ ವಯಸ್ಸು ಹೆಚ್ಚು. ಇದರ ತದ್ವಿರುದ್ಧ ವ್ಯವಹಾರ ಕೆಟ್ಟದ್ದು: ಗುಜರಿಗೆ ಹೋದ ಗಾಡಿಯ ಹಳೆ ಬುಕ್ಕನ್ನು ಕೊಂಡು, ಅದರ ನಂಬರನ್ನು ಎಂಬತ್ತರ ದಶಕದ ಚಾಸಿಯ ಮೇಲೆ ಹೊಡೆಯುವುದು. ಕೊಂಡವನ ಕೈಯಲ್ಲಿ ಉಳಿಯುವುದು ಕದ್ದ ಮಾಲಿನಷ್ಟೇ ಅಪಾಯದ ಗಾಡಿ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದ ಮೇಲೆ ದಿನಾಂಕದ ತೂಕ ಇನ್ನೂ ಹೆಚ್ಚಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ, ನಂಬರಿನಲ್ಲಿ ವಿಎ ಎಂಬ ಗುರುತು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ನಿಯಮ ಒಳ್ಳೆಯದೇ. 1978ರ ರೋಡ್‌ಕಿಂಗ್ ಇಟ್ಟುಕೊಂಡವರು 2028ರವರೆಗೆ ಕಾಯಬೇಕು, ಅಷ್ಟೇ. ಆ ಕಾಯುವಿಕೆಯನ್ನು ತಪ್ಪಿಸಲು ಇಸವಿ ಹಿಂದಕ್ಕೆ ತಳ್ಳುವವರಿಗೆ ನಮ್ಮಂಥ ಅಂಗಡಿಯವರು ಸಹಾಯ ಮಾಡಬಾರದು.

ನನಗೆ ಹೆಚ್ಚು ಸಂಕಟ ಕೊಡುವುದು ಸ್ಕ್ರ್ಯಾಂಬ್ಲರ್ ಮೋಹ. ಕಾಡುದಾರಿ, ಎಸ್ಟೇಟ್ ದಾರಿಯಲ್ಲಿ ಓಡಿಸುವ ಆಸೆ ಇಂದಿನ ಹುಡುಗರಿಗೆ ಜೋರಾಗಿದೆ, ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಝೆಕ್ ಗಾಡಿಗಳಿಗೆ ಮಣ್ಣಿನ ಚರಿತ್ರೆ ನಿಜಕ್ಕೂ ಇದೆ. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಸಿಜೆಡ್ ಗಾಡಿಯ ಮೇಲೆ. ನಮ್ಮ ರೋಡ್‌ಕಿಂಗ್‌ನ ರೂಪದಲ್ಲೂ ಸಿಜೆಡ್ ಮೋಟೋಕ್ರಾಸ್ ಗಾಡಿಗಳ ಛಾಯೆ ಇದೆ. ಇಲ್ಲಿಯ ಯೆಜ್ಡಿಗಳು ರ‍್ಯಾಲಿ, ಮೋಟೋಕ್ರಾಸ್ ಓಡಿದ್ದೂ ಹೌದು. ಆದರೆ ಈಗ ಆಗುತ್ತಿರುವುದೇ ಬೇರೆ. ಸಾಧಾರಣ ರೋಡ್‌ಕಿಂಗ್‌ನ ಹಿಂಬದಿ ಫ್ರೇಮ್ ಕತ್ತರಿಸಿ, ಮಡ್‌ಗಾರ್ಡ್ ಎಸೆದು, ಸೈಲೆನ್ಸರ್ ಮೇಲಕ್ಕೆ ಎತ್ತಿ, ಗುಬಟೆ ಟೈರ್ ಹಾಕಿ, "ಕಂಪನಿ ರ‍್ಯಾಲಿ ಗಾಡಿ" ಎಂದು ಎರಡು ಪಟ್ಟು ಬೆಲೆ ಹೇಳುತ್ತಾರೆ. ಪುರಾವೆ ಕೇಳಿದರೆ ಬಾಯಿಮಾತು. ನಿಜವಾಗಿ ಪಂದ್ಯ ಓಡಿದ ಗಾಡಿಗೆ ಆ ಕಾಲದ ಫೋಟೊ ಇರುತ್ತದೆ, ಎಂಟ್ರಿ ಕಾಗದವೋ ಸರ್ಟಿಫಿಕೇಟೋ ಇರುತ್ತದೆ, ಓಡಿಸಿದವರನ್ನು ಬಲ್ಲವರು ಇರುತ್ತಾರೆ. ಯಾವುದೂ ಇಲ್ಲದಿದ್ದರೆ ಅದು ಕತ್ತರಿಸಿದ ರೋಡ್‌ಕಿಂಗ್. ತಯಾರಕರು ಕೊಟ್ಟ ರೂಪವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ವಿಂಟೇಜ್ ನೋಂದಣಿಯ ಬಾಗಿಲೂ ಆ ಗಾಡಿಗೆ ಮುಚ್ಚಿದಂತೆಯೇ. ಕತ್ತರಿಸಿದ ಫ್ರೇಮನ್ನು ಮತ್ತೆ ಬೆಸೆಯಬಹುದು, ಆದರೆ ಕಾರ್ಖಾನೆಯ ಬೆಸುಗೆ ತಿರುಗಿ ಬರುವುದಿಲ್ಲ. ಮಣ್ಣಿನಲ್ಲಿ ಓಡಿಸುವ ಆಸೆ ಇದ್ದವರಿಗೆ ಹೊಸ ಗಾಡಿಗಳು ಬೇಕಾದಷ್ಟಿವೆ. ಯೆಜ್ಡಿ ಹೆಸರಿನಲ್ಲೇ 2022ರಿಂದ ಸ್ಕ್ರ್ಯಾಂಬ್ಲರ್ ಸಿಗುತ್ತಿದೆ.

ರಿಪೇಂಟ್ ವಿಷಯದಲ್ಲೂ ನನ್ನದು ಗಟ್ಟಿ ಅಭಿಪ್ರಾಯ. ಮಾಸಿದ ಬಣ್ಣ, ಕೆಂಪು ಗೆರೆ ಅರ್ಧ ಅಳಿಸಿದ ಟ್ಯಾಂಕ್, ಡೀಲರ್ ಸ್ಟಿಕ್ಕರಿನ ತುಂಡು ಇವು ಗಾಡಿಯ ಹುಟ್ಟುಪತ್ರ. ಥಳಥಳ ಕ್ರೋಮ್ ಮಾಡಿಸಿದ ಗಾಡಿಗಿಂತ ಅಂಥದ್ದಕ್ಕೆ ನಾನು ಹೆಚ್ಚು ಕೊಡುತ್ತೇನೆ. ತುಕ್ಕು ನಿಲ್ಲಿಸಿ, ಬ್ರೇಕು, ವೈರಿಂಗ್ ಸರಿಪಡಿಸಿ, ಉಳಿದದ್ದನ್ನು ಹಾಗೇ ಬಿಡಿ ಎಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಹಲವರು ಪೇಂಟ್ ಅಂಗಡಿಗೇ ಹೋಗುತ್ತಾರೆ.

ಇಂಜಿನ್ ಅಸೆಂಬ್ಲಿಯಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ಆಗಾಗ ಅಂಗಡಿಗೆ ಬಂದು ಕೂರುತ್ತಾರೆ. ಟೀ ಕುಡಿಯುತ್ತಲೇ, ಬಿಚ್ಚಿಟ್ಟ ಇಂಜಿನ್ ಕೇಸನ್ನು ತಿರುಗಿಸಿ, ಅಚ್ಚಿನ ಗುರುತು ನೋಡಿ, "ಇದು ನಾವು ಹೆಸರು ಬದಲಾಯಿಸಿದ ಹೊತ್ತಿನದು" ಎನ್ನುತ್ತಾರೆ. ಬುಕ್ ತೆಗೆದು ನೋಡಿದರೆ ಹೊಂದುತ್ತದೆ. ಈ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ಅವರ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಈಗಾಗಲೇ ತೀರಿಕೊಂಡಿದ್ದಾರೆ. ಉಳಿದವರನ್ನು ಕೂರಿಸಿ ಕೇಳಿ ಬರೆದಿಡುವ ಕೆಲಸ ಈಗಲೇ ಆಗಬೇಕು. ನಮ್ಮ ವಿಶ್ವವಿದ್ಯಾನಿಲಯ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ? ಅರಮನೆ, ದಸರೆಗಳ ಊರಿನಲ್ಲಿ ಮೂವತ್ತೈದು ವರ್ಷ ಗಾಡಿ ಕಟ್ಟಿದ ಕಾರ್ಖಾನೆಗೂ ಒಂದು ಕೋಣೆ, ಒಂದು ದಾಖಲೆ ಪುಸ್ತಕ ಸಲ್ಲುತ್ತದೆ.

ಅಲ್ಲಿಯವರೆಗೆ ಮಾರುವವರಿಗೆ, ಕೊಳ್ಳುವವರಿಗೆ ನನ್ನದೊಂದು ಕೋರಿಕೆ. ವ್ಯವಹಾರ ಮುಗಿಸುವ ಮುನ್ನ ಹಾಳೆಯೊಂದರಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್, ಮೊದಲ ನೋಂದಣಿಯ ದಿನಾಂಕ, ಯಾವುದು ಮೂಲ, ಯಾವುದು ಆಮೇಲೆ ಹಾಕಿದ್ದು ಎಂದು ಬರೆದು ಇಬ್ಬರೂ ಸಹಿ ಹಾಕಿ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಗಾಡಿ ತರುವವರು ಆ ಹಾಳೆಯ ನಕಲನ್ನೂ ತನ್ನಿ. ಒಟ್ಟುಗೂಡಿಸಿ ಜೋಪಾನ ಮಾಡುವ ಹೊಣೆ ನನಗಿರಲಿ.